ಗರಿ ನೋಡಿ ಮರುಳಾಗುವ ಮುನ್ನ: ಕಡಕ್‌ನಾಥ್ ತಳಿಗೆ ಹುಂಜ, ಹ್ಯಾಟೆ ಆರಿಸುವ ಬಗೆ

ತಳಿಗೆ ಹುಂಜ ಬೇಕೆಂದು ಹೊರಟವರ ಕಣ್ಣು ಮೊದಲು ಹೋಗುವುದು ಗರಿಯ ಕಡೆಗೆ. ಸಂತೆಯಲ್ಲಾದರೂ ಸರಿ, ಫಾರಂನಲ್ಲಾದರೂ ಸರಿ, ವಾಟ್ಸಾಪ್‌ಗೆ ಬಂದ ಫೋಟೊದಲ್ಲಾದರೂ ಸರಿ, ಕತ್ತಿನ ಗರಿ ಮಿರಮಿರ ಮಿಂಚುವ, ಬಾಲ ಉದ್ದಕ್ಕೆ ಇಳಿಬಿದ್ದ ಹುಂಜಕ್ಕೆ ಗಿರಾಕಿ ಬೇಗ ಸಿಗುತ್ತಾರೆ. ಅದೇ ಹುಂಜವನ್ನು ಕೈಗೆ ತೆಗೆದುಕೊಂಡು ಎದೆಮೂಳೆ ನೆಟ್ಟಗಿದೆಯೇ, ಬೆನ್ನು ಅಗಲವಿದೆಯೇ, ಎರಡು ಕಾಲಿನ ನಡುವೆ ಎಷ್ಟು ಜಾಗವಿದೆ ಎಂದು ತಡವಿ ನೋಡುವವರು ಕಡಿಮೆ.

ಬಣ್ಣದ ಮೋಹ ಹೊಸದೇನಲ್ಲ. ಕಾಳಗದ ತಳಿಯಾದ ಅಸೀಲ್ ಸಾಕುವವರು ತಮ್ಮ ಹಕ್ಕಿಗಳನ್ನು ಪೀಲಾ, ಕಾಗರ್, ಯಾಕೂಬ್, ನೂರಿ ಎಂದು ಗರಿಯ ಬಣ್ಣದಿಂದಲೇ ಕರೆಯುತ್ತಾರೆ. ತುಳುನಾಡಿನ ಕೋಳಿ ಅಂಕದವರಿಗೆ ಬೊಳ್ಳೆ, ಕಕ್ಕೆ, ಕೆಮ್ಮೈರೆ ಎಂಬ ಹೆಸರುಗಳಿವೆ, ಯಾವ ದಿನ ಯಾವ ಬಣ್ಣಕ್ಕೆ ಗೆಲುವು ಎಂದು ಹೇಳುವ ಪಂಚಾಂಗವೂ ಇದೆ. ಆದರೆ ಅವರು ಕೂಡ ತಳಿಗೆ ಬಿಡುವ ಹುಂಜದ ಕಾಲು, ಎದೆ, ಕತ್ತು ಮುಟ್ಟಿ ನೋಡದೆ ಬಿಟ್ಟವರಲ್ಲ. ಬಣ್ಣ ನೋಡುವುದು ತಪ್ಪಲ್ಲ, ಮೊದಲು ನೋಡುವುದು ತಪ್ಪು. ಗರಿಯ ಬಣ್ಣ ಕೆಲವೇ ಜೀನುಗಳ ಆಟ. ಕೆಟ್ಟರೆ ಎರಡು ಮೂರು ತಲೆಮಾರಿನಲ್ಲಿ ಹದಕ್ಕೆ ತರಬಹುದು. ಮೈಕಟ್ಟು, ಜೀವಕಳೆ, ಮರಿ ಬದುಕಿ ಉಳಿಯುವ ಗುಣ ಇವೆಲ್ಲ ನೂರಾರು ಜೀನುಗಳ ಸಣ್ಣ ಸಣ್ಣ ಕೊಡುಗೆ ಸೇರಿ ಆಗುವಂಥವು. ಸಣ್ಣ ಹಿಂಡಿನಲ್ಲಿ ಒಮ್ಮೆ ಕಳೆದುಕೊಂಡರೆ ಹೊರಗಿನಿಂದ ಹೊಸ ರಕ್ತ ತರದೆ ಹಿಂದಕ್ಕೆ ಬರುವುದಿಲ್ಲ.

ಇದನ್ನು ವಿವರಿಸಲು ಕಡಕ್‌ನಾಥ್‌ಗಿಂತ ಒಳ್ಳೆಯ ಉದಾಹರಣೆ ಸಿಗದು. ಬಣ್ಣದ ಹೆಸರಲ್ಲಿ ಇಷ್ಟೊಂದು ಮೋಸ ಹೋದ ತಳಿ ನಮ್ಮಲ್ಲಿ ಬೇರೆ ಇಲ್ಲ. ಮಧ್ಯಪ್ರದೇಶದ ಝಾಬುವಾ, ಧಾರ್ ಕಡೆಯ ಭಿಲ್ ಮತ್ತು ಭಿಲಾಲ ಜನ ಸಾಕಿಕೊಂಡು ಬಂದ ಈ ಕೋಳಿಯನ್ನು ಅಲ್ಲಿ ಕಾಲಿ ಮಾಸಿ ಎಂದೂ ಕರೆಯುತ್ತಾರೆ. 2018ರಲ್ಲಿ ಝಾಬುವಾದ ಕಡಕ್‌ನಾಥ್ ಮಾಂಸಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಅಷ್ಟರಲ್ಲಾಗಲೇ ಕರ್ನಾಟಕದಲ್ಲೂ ಕಪ್ಪು ಕಂಡ ಕೋಳಿಯೆಲ್ಲ ಕಡಕ್‌ನಾಥ್ ಆಗಿ ಮಾರಾಟವಾಗುತ್ತಿತ್ತು. ರಕ್ತವೂ ಕಪ್ಪು, ಮೊಟ್ಟೆಯೂ ಕಪ್ಪು ಎಂದು ಹೇಳಿ ಮಾರಿದವರೂ ಇದ್ದಾರೆ. ರಕ್ತ ಎಲ್ಲ ಕೋಳಿಯಂತೆ ಕೆಂಪು, ಮೊಟ್ಟೆ ತಿಳಿ ಕಂದು. ಕಪ್ಪು ಇರುವುದು ಚರ್ಮದಲ್ಲಿ, ಮಾಂಸದ ಮೇಲಿನ ಪೊರೆಯಲ್ಲಿ, ಮೂಳೆಯ ಹೊರಪದರದಲ್ಲಿ ಮತ್ತು ಒಳಗಿನ ಅಂಗಗಳಲ್ಲಿ.

ಗರಿಯ ಕಪ್ಪು ಬೇರೆ, ಚರ್ಮದ ಕಪ್ಪು ಬೇರೆ

ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಇದು. ಕಡಕ್‌ನಾಥ್‌ನಲ್ಲಿ ಮೂರು ಬಗೆ ಇವೆ: ಅಚ್ಚಕಪ್ಪು, ಪೆನ್ಸಿಲ್ಡ್ ಎಂದು ಕರೆಯುವ ಬಿಳಿ ಗೆರೆಯದು, ಗೋಲ್ಡನ್ ಎಂದು ಕರೆಯುವ ಹೊಂಬಣ್ಣದ ಕತ್ತಿನದು. ಮೂರರ ಚರ್ಮವೂ ಕಪ್ಪೇ. ಅಂದರೆ ಗರಿ ಅಚ್ಚಕಪ್ಪಿಲ್ಲದಿದ್ದರೂ ಕಡಕ್‌ನಾಥ್ ಆಗಬಹುದು, ಅಚ್ಚಕಪ್ಪು ಗರಿಯಿದ್ದೂ ಕಡಕ್‌ನಾಥ್ ಆಗದಿರಬಹುದು. ನಾಟಿ ಕೋಳಿಗಳಲ್ಲಿ ಕಪ್ಪು ಗರಿಯ ಹಕ್ಕಿ ಬೇಕಾದಷ್ಟಿವೆ.

ಚರ್ಮ ಕಪ್ಪಾಗುವುದಕ್ಕೆ ಎರಡು ಸಂಗತಿ ಒಟ್ಟಿಗೆ ಬೇಕು. ಒಂದು ಫೈಬ್ರೊಮೆಲನೋಸಿಸ್ ಎಂಬ ಜೀನ್. ಇದು ಪ್ರಬಲ ಗುಣ, ಅಪ್ಪ ಅಮ್ಮಂದಿರಲ್ಲಿ ಒಬ್ಬರಿಂದ ಬಂದರೂ ಕೆಲಸ ಮಾಡುತ್ತದೆ. ಇನ್ನೊಂದು, ಚರ್ಮಕ್ಕೆ ಬಣ್ಣ ಇಳಿಯದಂತೆ ತಡೆಯುವ ಜೀನ್ ಇಲ್ಲದಿರುವುದು. ಈ ತಡೆಜೀನೂ ಪ್ರಬಲ, ಮತ್ತು ಅದು ಲಿಂಗಕ್ಕೆ ಅಂಟಿಕೊಂಡಿದೆ. ಹಳದಿ ಅಥವಾ ಬಿಳಿ ಕಾಲಿನ ತಳಿಗಳಲ್ಲಿ, ಅಂದರೆ ರೋಡ್ ಐಲೆಂಡ್ ರೆಡ್, ಲೆಗ್‌ಹಾರ್ನ್, ಫಾರಂ ಕೋಳಿಗಳಲ್ಲಿ, ಇದು ಇದ್ದೇ ಇರುತ್ತದೆ.

ಕೋಳಿಯಲ್ಲಿ ಲಿಂಗದ ಲೆಕ್ಕ ನಮಗಿಂತ ತಿರುಗಮುರುಗ. ಗಂಡು ಹೆಣ್ಣು ನಿರ್ಧರಿಸುವ ವರ್ಣತಂತುಗಳಲ್ಲಿ ಹುಂಜಕ್ಕೆ ಎರಡು ಝಡ್, ಹ್ಯಾಟೆಗೆ ಒಂದು ಝಡ್ ಮತ್ತು ಒಂದು ಡಬ್ಲ್ಯೂ. ತಡೆಜೀನ್ ಇರುವುದು ಝಡ್ ಮೇಲೆ. ಹ್ಯಾಟೆ ತನ್ನ ಝಡ್ ಕೊಡುವುದು ಗಂಡುಮರಿಗೆ ಮಾತ್ರ. ಹೆಣ್ಣುಮರಿಯ ಝಡ್ ಅಪ್ಪನಿಂದಲೇ ಬರಬೇಕು. ಹಾಗಾಗಿ ಕಡಕ್‌ನಾಥ್ ಹುಂಜವನ್ನು ಹಳದಿ ಕಾಲಿನ ಹ್ಯಾಟೆಗೆ ಬಿಟ್ಟರೆ ಹೆಣ್ಣುಮರಿಗಳೆಲ್ಲ ಕಪ್ಪು ಚರ್ಮದವು, ಗಂಡುಮರಿಗಳು ಬಿಳಿಚಿದವು. ತಿರುವು ಹಾಕಿ, ಕಡಕ್‌ನಾಥ್ ಹ್ಯಾಟೆಗೆ ಹಳದಿ ಕಾಲಿನ ಹುಂಜ ಬಿಟ್ಟರೆ ಗಂಡು ಹೆಣ್ಣು ಎರಡೂ ಬಿಳಿಚು. ಈ ಲೆಕ್ಕ ಗೊತ್ತಿಲ್ಲದವರ ಕೈಗೆ ಮಾರುವವರು ಮೊದಲನೆಯ ಜೋಡಿಯ ಹೆಣ್ಣುಮರಿಗಳನ್ನು ಕೊಡುತ್ತಾರೆ. ಗರಿ ಕಪ್ಪು, ಕಾಲು ಕಪ್ಪು, ನಾಲಿಗೆ ಕಪ್ಪು, ಎಲ್ಲ ಸರಿಯಾಗಿಯೇ ಕಾಣುತ್ತದೆ. ಮುಂದಿನ ತಲೆಮಾರುಗಳಲ್ಲಿ ಮಾತ್ರ ಬಿಳಿ ಚರ್ಮದ ಮರಿ ಇಣುಕಬಹುದು, ಮೈ ದೊಡ್ಡದು, ಬಣ್ಣ ಕಲಸುಮೇಲೋಗರ.

ಪರೀಕ್ಷೆ ಎಲ್ಲಿ ಮಾಡಬೇಕು? ಜುಟ್ಟು ಒಂದನ್ನೇ ನಂಬಬೇಡಿ. ಹುಂಜ ಪ್ರಾಯಕ್ಕೆ ಬಂದಾಗ ಜುಟ್ಟಿಗೆ ರಕ್ತ ಏರಿ ನೇರಳೆಯ ಮೇಲೆ ಕೆಂಪು ಛಾಯೆ ಬರುವುದುಂಟು. ಕೊಕ್ಕು ತೆರೆದು ನಾಲಿಗೆ, ಅಂಗುಳ ನೋಡಿ. ಎದೆಯ ಗರಿ ಊದಿ ಚರ್ಮ ನೋಡಿ. ಗುದದ ಸುತ್ತ ನೋಡಿ. ಕೊನೆಗೆ ಕಾಲು ಮೇಲೆತ್ತಿ ಪಾದದ ಅಡಿ ನೋಡಿ. ಹೆಚ್ಚಿನವರು ಬಿಡುವುದು ಈ ಕೊನೆಯದನ್ನೇ.

ಪಾದದ ಅಡಿಯಲ್ಲಿ ಹಳದಿ ಇಣುಕಿದರೆ ಅನುಮಾನ ಪಡಬೇಕು. ಹಳದಿ ಚರ್ಮ ಅಡಗಿ ಕೂರುವ ಗುಣ, ಕಾಣಬೇಕಾದರೆ ಅಪ್ಪ ಅಮ್ಮ ಇಬ್ಬರಿಂದಲೂ ಬರಬೇಕು. ಹಿಂದೆ ಎಂದೋ ರೋಡ್ ಐಲೆಂಡ್ ರೆಡ್ಡೋ ಲೆಗ್‌ಹಾರ್ನೋ ಸೇರಿದ್ದರೆ ಅದು ಒಂದು ತಲೆಮಾರು ಮುಚ್ಚಿಕೊಂಡಿದ್ದು ಆಮೇಲೆ ಹೊರಬೀಳುತ್ತದೆ. ಈ ಹಳದಿಯ ಮೂಲ ನಮ್ಮ ಮನೆ ಹಿತ್ತಲಿನದೇ ಅನ್ನಬೇಕು: ಸಾಕು ಕೋಳಿಗೆ ಹಳದಿ ಚರ್ಮ ಬಂದದ್ದು ಕೆಂಪು ಕಾಡುಕೋಳಿಯಿಂದಲ್ಲ, ಪಶ್ಚಿಮ ಘಟ್ಟದಲ್ಲೂ ಇರುವ ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ಪ್ರಕಟವಾದ ಜೀನ್ ಅಧ್ಯಯನ ತೋರಿಸಿತು.

ಗೆರೆ ಗೆರೆ ಗರಿಯೂ ಹೀಗೆಯೇ ಒಂದು ಸುಳಿವು. ಪ್ಲಿಮತ್ ರಾಕ್ ತಳಿಯಲ್ಲಿರುವಂಥ ಅಡ್ಡಗೆರೆಯ ಜೀನ್ ಝಡ್ ಮೇಲಿದೆ. ಅದು ಗರಿಯನ್ನಷ್ಟೇ ಅಲ್ಲ, ಕಾಲಿನ ಕಪ್ಪನ್ನೂ ಅಳಿಸುತ್ತದೆ. ಹುಂಜಕ್ಕೆ ಅದು ಎರಡು ಪ್ರತಿ ಬಂದರೆ ಬಿಳಿ ಗೆರೆ ಅಗಲ, ಹಕ್ಕಿ ತಿಳಿ. ಹ್ಯಾಟೆಗೆ ಒಂದೇ ಪ್ರತಿ ಸಾಧ್ಯ, ಹಾಗಾಗಿ ಸದಾ ಗಾಢ. ಕಡಕ್‌ನಾಥ್ ಪೆನ್ಸಿಲ್ಡ್ ಎಂದು ಅಡ್ಡಗೆರೆಯ, ಬಿಳಿಚಿದ ಕಾಲಿನ ಹಕ್ಕಿಯನ್ನು ತೋರಿಸಿದರೆ ನಮಸ್ಕಾರ ಹೇಳಿ ಹೊರಡಿ.

ಮರಿಯ ಬಣ್ಣ ನೋಡಿ ಕತ್ತರಿ ಹಾಕಬೇಡಿ

ಅವಸರದಲ್ಲಿ ಹಾಳಾಗುವ ಒಳ್ಳೆಯ ಹಕ್ಕಿಗಳ ಲೆಕ್ಕ ದೊಡ್ಡದು. ಕಪ್ಪು ತಳಿಯ ಮರಿ ಮೊಟ್ಟೆಯಿಂದ ಹೊರಬಂದಾಗ ಪೂರ್ತಿ ಕಪ್ಪಿರುವುದಿಲ್ಲ. ಕಡಕ್‌ನಾಥ್ ಮರಿ ನೀಲಿಗಪ್ಪು ಮೈಯಲ್ಲಿ ಬೆನ್ನ ಮೇಲೆ ಅಡ್ಡಾದಿಡ್ಡಿ ಗೆರೆ ಹೊತ್ತು ಬರುತ್ತದೆ. ಹೊಟ್ಟೆಯ ಕೆಳಗೆ ತಿಳಿ ಬಣ್ಣವಿದ್ದರೆ ಆಶ್ಚರ್ಯವಿಲ್ಲ. ಮೊದಲ ರೆಕ್ಕೆ ಗರಿಗಳ ತುದಿಯಲ್ಲಿ ಬಿಳಿ ಕಂಡು ಎಷ್ಟೋ ಜನ ಮರಿಯನ್ನು ಬೆರಕೆ ಎಂದು ಮಾರಿಬಿಡುತ್ತಾರೆ. ಆ ಗರಿ ಉದುರಿ ಹೊಸದು ಬರುವಾಗ ಅಚ್ಚಕಪ್ಪಾಗಿಯೇ ಬರುತ್ತದೆ. ಹ್ಯಾಟೆಯ ಗರಿ ಒಂದು ನೆಲೆಗೆ ಬರಲು 20ರಿಂದ 24 ವಾರ ಬೇಕು. ಹುಂಜದ ಬಾಲದ ಉದ್ದ ಗರಿ, ಸೊಂಟದ ಮೇಲೆ ಇಳಿಬೀಳುವ ಗರಿ ಪೂರ್ತಿ ತುಂಬಲು 8ರಿಂದ 10 ತಿಂಗಳು ಕಾಯಬೇಕು. ಅದಕ್ಕೆ ಮೊದಲು ಬಣ್ಣದ ಮೇಲೆ ತೀರ್ಪು ಕೊಡುವುದು ಅವಸರ.

ಬಣ್ಣ ಕೆಡುವುದಕ್ಕೆ ತಳಿಯೇ ಕಾರಣವಾಗಬೇಕೆಂದಿಲ್ಲ. ಗರಿ ಮೂಡುವ ಹೊತ್ತಿನಲ್ಲಿ ಮೇವಿನಲ್ಲಿ ಪ್ರೋಟೀನ್, ಅದರಲ್ಲೂ ಲೈಸಿನ್, ಕಡಿಮೆಯಾದರೆ ಬಣ್ಣದ ಹಕ್ಕಿಯ ಗರಿ ಬಿಳಿಚಿಕೊಳ್ಳಬಹುದು. ಬರೀ ಜೋಳ, ನುಚ್ಚು ಹಾಕಿ ಬೆಳೆಸಿದ ಹಿಂಡಿನಲ್ಲಿ ಈ ಅನುಮಾನ ಮೊದಲು ಬರಬೇಕು. ಗರಿಯ ಅಡ್ಡಕ್ಕೆ ತೆಳ್ಳಗೆ ಗೀರು ಬಿದ್ದಂತೆ ಕಾಣುವ ದೋಷವಿದೆ. ಅದು ಆ ಗರಿ ಬೆಳೆಯುವ ದಿನಗಳಲ್ಲಿ ಜ್ವರ, ಮೇವಿನ ಕೊರತೆ, ಸಾಗಾಟದ ಆಯಾಸ ಏನೋ ಒಂದು ಆಗಿತ್ತು ಎಂಬುದರ ಗುರುತು. ಒಂದೇ ಬ್ಯಾಚಿನ ಎಲ್ಲ ಹಕ್ಕಿಗಳಲ್ಲಿ, ರೆಕ್ಕೆಯ ಅದೇ ಜಾಗದಲ್ಲಿ ಗೀರಿದ್ದರೆ ತಪ್ಪು ಸಾಕಿದವರದು. ಕಿತ್ತುಹೋದ ಗರಿಯ ಜಾಗದಲ್ಲಿ ಬಿಳಿ ಗರಿ ಬರುವುದುಂಟು, ಅದೂ ತಳಿದೋಷವಲ್ಲ. ಬಿಸಿಲಿಗೆ ಕಪ್ಪು ಗರಿ ತುದಿಯಲ್ಲಿ ಕೆಂಚಗಾಗುತ್ತದೆ. ಆದ್ದರಿಂದ ಬಣ್ಣ ನೋಡಲು ಸರಿಯಾದ ಕಾಲ ವರ್ಷಕ್ಕೊಮ್ಮೆ ಗರಿ ಉದುರಿ ಹೊಸ ಗರಿ ಬಂದ ಮೇಲೆ, ಎಳೆ ಬಿಸಿಲಿನಲ್ಲಿ. ಒಳ್ಳೆಯ ಕಪ್ಪು ಆ ಬೆಳಕಿನಲ್ಲಿ ಹಸಿರು ಹೊಳಪು ಕೊಡುತ್ತದೆ. ನೇರಳೆ ಪಟ್ಟಿ ಪಟ್ಟಿಯಾಗಿ ಕಂಡರೆ ಅಷ್ಟು ಒಳ್ಳೆಯದಲ್ಲ, ಆದರೆ ಅದೊಂದಕ್ಕೇ ಹಕ್ಕಿಯನ್ನು ತೆಗೆಯುವ ಅಗತ್ಯವಿಲ್ಲ.

ಕಪ್ಪು ಜೋಡಿಯ ಮರಿಗಳಲ್ಲಿ ಪೂರ್ತಿ ಬಿಳಿ ಮರಿಯೊಂದು ಬಂದರೆ ಮಾತು ಬೇರೆ. ಅದು ಅಡಗಿದ್ದ ಬಿಳಿ, ಅಪ್ಪ ಅಮ್ಮ ಇಬ್ಬರಲ್ಲೂ ಒಂದೊಂದು ಪ್ರತಿ ಇದೆ ಎಂದೇ ಅರ್ಥ. ಮರಿಯನ್ನು ತೆಗೆದರೆ ಸಾಲದು. ಹುಂಜ ಎಷ್ಟೇ ಚೆಂದವಿದ್ದರೂ ತಳಿಯಿಂದ ಇಳಿಸಬೇಕು, ಏಕೆಂದರೆ ಅದರ ಅರ್ಧ ಮರಿಗಳು ಈ ಗುಣ ಹೊತ್ತು ಹಿಂಡಿನಲ್ಲಿ ಹರಡುತ್ತವೆ. ಹ್ಯಾಟೆ ಒಳ್ಳೆಯ ಮೊಟ್ಟೆ ಕೊಡುವುದಾದರೆ ಗುರುತು ಹಾಕಿ ಇಟ್ಟುಕೊಳ್ಳಬಹುದು, ಅದರ ಗಂಡುಮರಿಯನ್ನು ಮಾತ್ರ ತಳಿಗೆ ನಿಲ್ಲಿಸಬಾರದು.

ನಾಟಿ ಹಿಂಡಿನಲ್ಲಿ ಬೂದಿ ಬಣ್ಣ ಇಷ್ಟಪಡುವವರಿಗೂ ಒಂದು ಮಾತು. ನೀಲಿಬೂದಿ ಕಾಣುವ ಹಕ್ಕಿಗಳಲ್ಲಿ ಬಹುಪಾಲು ಒಂದೇ ಪ್ರತಿಯ ಬಣ್ಣದವು. ಬೂದಿಗೆ ಬೂದಿ ಕೂಡಿಸಿದರೆ ಅರ್ಧ ಬೂದಿ, ಕಾಲು ಭಾಗ ಕಪ್ಪು, ಕಾಲು ಭಾಗ ಮಸಿ ಚೆಲ್ಲಿದಂಥ ಬಿಳಿ. ಎಷ್ಟು ತಲೆಮಾರು ಆರಿಸಿದರೂ ಅದು ನೆಲೆ ನಿಲ್ಲುವುದಿಲ್ಲ. ಎಲ್ಲ ಮರಿಯೂ ಬೂದಿಯೇ ಬೇಕಾದರೆ ಆ ಮಚ್ಚೆ ಬಿಳಿಯದಕ್ಕೆ ಕಪ್ಪನ್ನು ಕೂಡಿಸಬೇಕು.

ಕೈಯಲ್ಲಿ ಹಿಡಿದು ನೋಡುವುದು

ರಾತ್ರಿ ಹಕ್ಕಿಗಳು ಅಟ್ಟಣೆ ಏರಿ ಕೂತ ಮೇಲೆ, ಮಂದ ಟಾರ್ಚ್ ಹಿಡಿದು, ಒಂದೊಂದಾಗಿ ಇಳಿಸಿ ನೋಡಿ. ಹಗಲಲ್ಲಿ ಅಟ್ಟಾಡಿಸಿ ಹಿಡಿದ ಕೋಳಿಯ ಮೈ ಬಿಗಿದಿರುತ್ತದೆ, ಹೊಟ್ಟೆಯ ಮೆದು ತಿಳಿಯುವುದಿಲ್ಲ. ಅಂಗೈ ಎದೆಯ ಕೆಳಗೆ ಹೋಗಬೇಕು, ಎರಡು ಕಾಲು ಬೆರಳುಗಳ ಸಂದಿಯಲ್ಲಿ ಸಿಗಬೇಕು, ತಲೆ ನಿಮ್ಮ ಮೊಣಕೈ ಕಡೆಗಿರಬೇಕು. ಹಾಗೆ ಹಿಡಿದರೆ ಹಕ್ಕಿ ಒದ್ದಾಡುವುದಿಲ್ಲ, ಇನ್ನೊಂದು ಕೈ ಬಿಡುವಾಗಿರುತ್ತದೆ.

ಮೊದಲು ಎದೆಮೂಳೆ. ಮುಂದಿನಿಂದ ಹಿಂದಕ್ಕೆ ಬೆರಳು ಎಳೆಯಿರಿ. ನೆಟ್ಟಗೆ, ಉದ್ದಕ್ಕೆ, ಬೆನ್ನಿಗೆ ಸಮವಾಗಿ ಹೋಗಬೇಕು. ನಡುವೆ ಗುಂಡಿಯೋ ಸೊಟ್ಟೋ ಸಿಕ್ಕಿದರೆ ಹಿಂಡಿನ ಬೇರೆ ಹಕ್ಕಿಗಳನ್ನೂ ನೋಡಿ. ಹಲವಕ್ಕೆ ಹಾಗೇ ಇದ್ದರೆ ಎಳೆಯ ಮರಿಗಳನ್ನು ತೆಳ್ಳನೆಯ ಗಳುವಿನ ಮೇಲೆ ಬೇಗ ಕೂರಿಸಿದ್ದು, ಇಲ್ಲವೇ ಸುಣ್ಣದಂಶ, ಡಿ ವಿಟಮಿನ್ ಕಡಿಮೆಯಾದದ್ದು ಕಾರಣ. ಅಟ್ಟಣೆಯ ಗಳು 4ರಿಂದ 5 ಸೆಂಟಿಮೀಟರ್ ಅಗಲವಿದ್ದು ಅಂಚು ದುಂಡಗಿರಲಿ. ಒಂದೇ ಜೋಡಿಯ ಮರಿಗಳಲ್ಲಿ ಮಾತ್ರ ಸೊಟ್ಟ ಬರುತ್ತಿದ್ದರೆ ಅದು ರಕ್ತದಲ್ಲಿದೆ.

ಎದೆಮೂಳೆಯ ಎರಡೂ ಬದಿ ಮಾಂಸ ಹೇಗಿದೆ ಎಂಬುದು ನಂತರ. ಕಡಕ್‌ನಾಥ್ ಎದೆ ಬ್ರಾಯ್ಲರ್‌ನಂತೆ ಉಬ್ಬಿರಬೇಕಿಲ್ಲ, ಉಬ್ಬಿದ್ದರೆ ಅನುಮಾನಿಸಿ. ಆದರೆ ಮೂಳೆ ಅಲಗಿನಂತೆ ಕೈಗೆ ಚುಚ್ಚಲೂ ಬಾರದು. ಹೆಬ್ಬೆರಳು ತೋರುಬೆರಳು ಅಗಲಿಸಿ ಭುಜದ ಮೇಲಿನಿಂದ ಬಾಲದ ಕಡೆಗೆ ಸವರಿದರೆ ಬೆನ್ನಿನ ಅಗಲ ಗೊತ್ತಾಗುತ್ತದೆ. ಭುಜದಲ್ಲಿದ್ದ ಅಗಲ ಸೊಂಟದವರೆಗೂ ಉಳಿದ ಹ್ಯಾಟೆಗೆ ಒಳಗೆ ಜಾಗವಿದೆ. ಬೇಗ ಚೂಪಾಗುವ ಬೆನ್ನು ಕಂಡರೆ ಬಣ್ಣ ಎಷ್ಟೇ ಅಚ್ಚಾಗಿದ್ದರೂ ಬಿಡಿ.

ಮೊಟ್ಟೆ ಇಡುತ್ತಿರುವ ಹ್ಯಾಟೆಯ ಗುದದ ಎರಡು ಬದಿಯ ಎಲುಬುಗಳ ನಡುವೆ ಎರಡರಿಂದ ಮೂರು ಬೆರಳು ಹಿಡಿಸಬೇಕು. ಎದೆಮೂಳೆಯ ತುದಿಯಿಂದ ಆ ಎಲುಬಿನವರೆಗೆ ಮೂರು ನಾಲ್ಕು ಬೆರಳು. ಎಲುಬು ತೆಳ್ಳಗೆ ಬಾಗುವಂತಿರಬೇಕು, ಹೊಟ್ಟೆ ಮೆದು ಆಗಿರಬೇಕು, ಗುದ ಅಗಲ ಮತ್ತು ಒದ್ದೆ. ಒಂದೇ ಬೆರಳು ಹಿಡಿಸಿ, ಗುದ ಒಣಗಿ ಮುದುಡಿದ್ದರೆ ಅದು ಮೊಟ್ಟೆ ನಿಲ್ಲಿಸಿದೆ ಅಥವಾ ಶುರುಮಾಡಿಯೇ ಇಲ್ಲ. ಹಳದಿ ಕಾಲಿನ ಕೋಳಿಯಲ್ಲಿ ಮೊಟ್ಟೆ ಇಟ್ಟಂತೆಲ್ಲ ಗುದ, ಕಣ್ಣಸುತ್ತು, ಕಿವಿ, ಕೊಕ್ಕು, ಕೊನೆಗೆ ಕಾಲು ಎಂಬ ಕ್ರಮದಲ್ಲಿ ಹಳದಿ ಇಳಿಯುತ್ತದೆ. ಕಪ್ಪು ಚರ್ಮದಲ್ಲಿ ಈ ಓದು ನಡೆಯುವುದಿಲ್ಲ, ಬೆರಳಿನ ಅಳತೆಯೇ ಗತಿ.

ಇನ್ನು ರೆಕ್ಕೆ ಬಿಡಿಸಿ. ತುದಿಯ ಕಡೆ 10 ದೊಡ್ಡ ಗರಿ, ಆಮೇಲೆ ಒಂದು ಗಿಡ್ಡ ಗರಿ, ಆಮೇಲೆ ಒಳಗಿನ ಸಾಲು. ಆ ಗಿಡ್ಡ ಗರಿಯ ಜಾಗ ಖಾಲಿ ಇದ್ದು ರೆಕ್ಕೆ ಎರಡಾಗಿ ಸೀಳಿದಂತೆ ಕಂಡರೆ ಅದು ಮರಿಗಳಿಗೆ ಇಳಿಯುವ ದೋಷ. ತಿರುಚಿದ ರೆಕ್ಕೆಗರಿ, ಒಂದು ಬದಿಗೆ ವಾಲಿದ ಬಾಲ, ಕತ್ತರಿಯಂತೆ ದಾಟಿದ ಕೊಕ್ಕು, ಗೂನುಬೆನ್ನು, ಜುಟ್ಟಿನ ಬದಿಯಲ್ಲಿ ಮೂಡಿದ ಹೆಚ್ಚುವರಿ ಹಲ್ಲು: ಇವುಗಳಲ್ಲಿ ಜುಟ್ಟಿನ ಹಲ್ಲನ್ನು ನಾನು ಒಂದು ತಲೆಮಾರು ಸಹಿಸುತ್ತೇನೆ, ಉಳಿದದ್ದನ್ನಲ್ಲ. ಕಣ್ಣಿನ ಪಾಪೆ ದುಂಡಗಿದೆಯೇ ನೋಡಿ. ಅಂಚು ಹರಿದಂತೆ ಅಥವಾ ಕಣ್ಣು ಬೂದಿಗಟ್ಟಿದಂತೆ ಕಂಡರೆ ವೈರಸ್‌ನಿಂದ ಬರುವ ಮ್ಯಾರೆಕ್ಸ್ ರೋಗದ ಅನುಮಾನ. ಕಡಕ್‌ನಾಥ್ ಕಣ್ಣೇ ಕಪ್ಪಾದ್ದರಿಂದ ಟಾರ್ಚ್ ಓರೆಯಾಗಿ ಬಿಡಬೇಕಾಗುತ್ತದೆ.

ನಿಂತ ಹಕ್ಕಿಯನ್ನು ಹಿಂದಿನಿಂದ ನೋಡುವುದು ಬೆಳಗ್ಗೆಯ ಕೆಲಸ. ಹಿಮ್ಮಡಿ ಗಂಟುಗಳು ಒಂದಕ್ಕೊಂದು ತಾಗುವ ಹುಂಜ ಹ್ಯಾಟೆಯ ಮೇಲೆ ಸರಿಯಾಗಿ ನಿಲ್ಲಲಾರದು, ಮೊಟ್ಟೆ ಫಲ ಕಟ್ಟುವುದು ಕಡಿಮೆಯಾಗುತ್ತದೆ.

ತೂಕದ ಬಲೆ

ಪೂರ್ತಿ ಬೆಳೆದ ಕಡಕ್‌ನಾಥ್ ಹುಂಜ 1.8ರಿಂದ 2 ಕಿಲೊ, ಹ್ಯಾಟೆ 1.2ರಿಂದ 1.5 ಕಿಲೊ. ವರ್ಷಕ್ಕೆ 80ರಿಂದ 90 ಮೊಟ್ಟೆ. ಮೂರು ಕಿಲೊ ತೂಗುವ ‘ಸೂಪರ್ ಕಡಕ್‌ನಾಥ್’ ಎಂದು ಯಾರಾದರೂ ಹೊಗಳಿದರೆ ಅದು ಹೊಗಳಿಕೆಯಲ್ಲ, ತಪ್ಪೊಪ್ಪಿಗೆ.

ಮೈತೂಕ ಅಪ್ಪ ಅಮ್ಮನಿಂದ ಮರಿಗೆ ಚೆನ್ನಾಗಿ ಇಳಿಯುವ ಗುಣ. ದಪ್ಪನೆಯದನ್ನು ಆರಿಸುತ್ತ ಹೋದರೆ ನಾಲ್ಕೈದು ತಲೆಮಾರಿನಲ್ಲಿ ಹಿಂಡಿನ ತೂಕ ಏರುವುದು ಕಣ್ಣಿಗೇ ಕಾಣುತ್ತದೆ. ಆದರೆ ತೂಕಕ್ಕೂ ಮೊಟ್ಟೆಯ ಸಂಖ್ಯೆಗೂ ಅಷ್ಟು ಆಗಿಬರುವುದಿಲ್ಲ. ಒಂದನ್ನು ಎಳೆದರೆ ಇನ್ನೊಂದು ಇಳಿಯುತ್ತದೆ. ಮೊಟ್ಟೆಯ ಸಂಖ್ಯೆ ಸುಲಭಕ್ಕೆ ಇಳಿದು ಬರುವ ಗುಣವೂ ಅಲ್ಲ, ಅದನ್ನು ಹ್ಯಾಟೆಯೊಂದನ್ನೇ ನೋಡಿ ಹೇಳಲಾಗದು, ಅಕ್ಕತಂಗಿಯರ ಲೆಕ್ಕವನ್ನೂ ಸೇರಿಸಿ ನೋಡಬೇಕು. ಹುಂಜವಂತೂ ಮೊಟ್ಟೆ ಇಡುವುದಿಲ್ಲ. ಅದರ ಅಮ್ಮ ಮತ್ತು ಅಕ್ಕತಂಗಿಯರ ಲೆಕ್ಕವೇ ಅದರ ಲೆಕ್ಕ.

ತೂಗುವುದಾದರೆ ಒಂದೇ ದಿನ ಮೊಟ್ಟೆಯೊಡೆದ ಮರಿಗಳನ್ನು, ಗಂಡು ಹೆಣ್ಣು ಬೇರೆ ಮಾಡಿ, ಬೆಳಗ್ಗೆ ಮೇವು ಹಾಕುವ ಮೊದಲು, 8ನೆಯ, 12ನೆಯ ಮತ್ತು 20ನೆಯ ವಾರ ತೂಗಿ. ಹತ್ತು ದಿನ ಮೊದಲು ಹುಟ್ಟಿದ ಹುಂಜವನ್ನು ಇತ್ತೀಚಿನದರ ಪಕ್ಕ ನಿಲ್ಲಿಸಿ ‘ಇದು ಚೆನ್ನಾಗಿದೆ’ ಎನ್ನುವುದರಲ್ಲಿ ಅರ್ಥವಿಲ್ಲ. ಬ್ಯಾಚಿನಲ್ಲಿ ಎಲ್ಲಕ್ಕಿಂತ ಭಾರವಾದದ್ದನ್ನೇ ಹಿಡಿಯದೆ ಸರಾಸರಿಗಿಂತ ಸ್ವಲ್ಪ ಮೇಲಿನ ಗುಂಪಿನಿಂದ ಆರಿಸಿ. ಕಡಕ್‌ನಾಥ್‌ನಂಥ ಹಗುರ ತಳಿಯಲ್ಲಿ ಎಲ್ಲರಿಗಿಂತ ಬೇಗ ಬೆಳೆದದ್ದು ಬೆರಕೆಯ ಮೊದಲ ಗುರುತಾಗಿರಬಹುದು.

ಇಲ್ಲಿ ಗಿರಿರಾಜದ ಮಾತೂ ಬರುತ್ತದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ, ಹೈದರಾಬಾದಿನ ವನರಾಜ ಇವೆಲ್ಲ ಹಲವು ಬಣ್ಣದಲ್ಲಿ ಬರುವ, ಹಿತ್ತಲಲ್ಲಿ ಚೆನ್ನಾಗಿ ಬೆಳೆಯುವ ಕೂಡುತಳಿಗಳು. ಅವುಗಳಿಂದ ಮನೆಯಲ್ಲೇ ಮರಿ ಮಾಡಿಸಿ ಮುಂದಿನ ತಲೆಮಾರಿನಲ್ಲೂ ಅದೇ ತೂಕ, ಅದೇ ಮೊಟ್ಟೆ ನಿರೀಕ್ಷಿಸಬಾರದು. ಕೂಡುವಿಕೆಯಿಂದ ಬಂದ ಹುರುಪು ಕೂಡಿದ ತಲೆಮಾರಿಗೇ ಹೆಚ್ಚು. ಬಣ್ಣ ಹಿಡಿಸಿತೆಂದು ಗಿರಿರಾಜ ಹುಂಜವನ್ನು ತಳಿಗೆ ನಿಲ್ಲಿಸುವವರು ಬಹಳ, ಮಾಂಸಕ್ಕೆ ಮರಿ ಬೇಕಾದರೆ ಅಡ್ಡಿಯಿಲ್ಲ, ತಳಿ ಕಟ್ಟಲು ಅಲ್ಲ.

ಮರಿಯೇ ಸಾಕ್ಷಿ

ಹುಂಜ ನೋಡಲು ಎಲ್ಲ ಸರಿಯಿದ್ದರೂ ಒಳಗೆ ಏನಿದೆ ಎಂಬುದು ಮರಿಯಲ್ಲೇ ತಿಳಿಯಬೇಕು. ಕಪ್ಪು ಚರ್ಮದ ಜೀನ್ ಪ್ರಬಲವಾದ್ದರಿಂದ ಒಂದು ಪ್ರತಿಯ ಹುಂಜವೂ ಎರಡು ಪ್ರತಿಯ ಹುಂಜವೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಬಿಡಿಸಲು ದಾರಿ ಸರಳ. ನೀಲಿಬೂದು ಕಾಲಿನ, ಬಿಳಿ ಚರ್ಮದ, ಕಂದು ಗರಿಯ ನಾಟಿ ಹ್ಯಾಟೆ ಒಂದೆರಡನ್ನು ಆ ಹುಂಜಕ್ಕೆ ಕೂಡಿಸಿ. ಕಾಲು ನೀಲಿ ಇದ್ದರೆ ತಡೆಜೀನ್ ಇಲ್ಲ ಎಂದು ಅರ್ಥ, ಹಾಗಾಗಿ ಗಂಡು ಹೆಣ್ಣು ಎರಡೂ ಮರಿಗಳನ್ನು ಲೆಕ್ಕಕ್ಕೆ ಹಿಡಿಯಬಹುದು. ಗರಿ ಕಂದೇ ಇರಲಿ, ಕಪ್ಪು ಗರಿಯ ಹ್ಯಾಟೆಯ ಕಾಲು ಬೇರೆ ಕಾರಣಕ್ಕೂ ಕಪ್ಪಾಗಿರಬಹುದು. ಹುಂಜದಲ್ಲಿ ಒಂದೇ ಪ್ರತಿ ಇದ್ದರೆ ಅರ್ಧ ಮರಿಗಳು ಬಿಳಿ ಚರ್ಮದವು. 7 ಮರಿ ಆಗಿ ಏಳೂ ಕಪ್ಪು ಚರ್ಮದ್ದಾದರೆ, ಅದು ಬರೀ ಅದೃಷ್ಟದಿಂದ ಆಗುವ ಸಾಧ್ಯತೆ 128ರಲ್ಲಿ 1. ಅಷ್ಟು ಸಾಕು. ಈ ಮರಿಗಳನ್ನು ಯಾರಿಗೂ ಕಡಕ್‌ನಾಥ್ ಎಂದು ಕೊಡಬೇಡಿ.

ಇದೆಲ್ಲ ನಡೆಯಬೇಕಾದರೆ ಯಾವ ಮರಿ ಯಾರದ್ದು ಎಂದು ಗೊತ್ತಿರಬೇಕು. ಕಾಲಿಗೆ ಹಾಕುವ ಬಳೆ ಮರಿ ಬೆಳೆದಂತೆ ಬದಲಿಸಬೇಕು, ಕಳಚಿ ಬೀಳುತ್ತದೆ. ಹುಟ್ಟಿದ ದಿನವೇ ಬೆರಳ ಸಂದಿಯ ತೊಗಲಿಗೆ ತೂತು ಹಾಕುವುದು ಹಳೆಯ, ಖರ್ಚಿಲ್ಲದ ವಿಧಾನ. ಒಂದೊಂದು ಕಾಲಿನಲ್ಲಿ ಎರಡು ಸಂದಿ, ಒಟ್ಟು ನಾಲ್ಕು. ಪ್ರತಿಯೊಂದರಲ್ಲಿ ತೂತು ಇದೆ ಅಥವಾ ಇಲ್ಲ ಎಂದು ಹಿಡಿದರೆ 16 ಗುರುತು ಸಿಗುತ್ತವೆ, ಅಂದರೆ 16 ಜೋಡಿಯ ಮರಿಗಳನ್ನು ಬೇರೆಬೇರೆಯಾಗಿ ಗುರುತಿಸಬಹುದು. ಪಂಚ್ ಹರಿತವಿರಬೇಕು, ಕತ್ತರಿಸಿದ ತುಣುಕು ಪೂರ್ತಿ ಉದುರಬೇಕು. ಅಂಟಿಕೊಂಡಿದ್ದರೆ ವಾರದೊಳಗೆ ಕೂಡಿಕೊಂಡು ಗುರುತೇ ಮಾಯವಾಗುತ್ತದೆ. ಎರಡು ವಾರಕ್ಕೆ ಇನ್ನೊಮ್ಮೆ ನೋಡಿಬಿಡಿ.

ಕಡಕ್‌ನಾಥ್ ಹ್ಯಾಟೆ ಕಾವಿಗೆ ಕೂರುವುದು ಅಪರೂಪ, ಆದ್ದರಿಂದ ನಾಟಿ ಹ್ಯಾಟೆಯ ಕೆಳಗೋ ಇನ್‌ಕ್ಯುಬೇಟರಿನಲ್ಲೋ ಇಡಬೇಕು. ಮೊಟ್ಟೆ 7 ದಿನಕ್ಕಿಂತ ಹಳೆಯದಾಗಬಾರದು. ಇಟ್ಟ ಜಾಗ 15ರಿಂದ 18 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಳ್ಳೆಯದು, ನಮ್ಮ ಬೇಸಿಗೆಯಲ್ಲಿ ಅದು ಕಷ್ಟವಾದ್ದರಿಂದ ಬೇಗ ಕಾವಿಗೆ ಇಡುವುದೇ ಉಪಾಯ. ಫ್ಯಾನಿರುವ ಯಂತ್ರದಲ್ಲಿ 37.5 ಡಿಗ್ರಿ, 18 ದಿನ ಆರ್ದ್ರತೆ 55ರ ಆಸುಪಾಸು, ಕೊನೆಯ 3 ದಿನ 65ರಿಂದ 70. ಬಹಳ ಸಣ್ಣ, ಉದ್ದ, ಚಿಪ್ಪು ಒರಟಾದ ಮೊಟ್ಟೆಯನ್ನು ತಳಿಗೆ ಇಡಬೇಡಿ, ಮೊಟ್ಟೆಯ ಆಕಾರವೂ ಅಮ್ಮನಿಂದ ಮಗಳಿಗೆ ಹೋಗುತ್ತದೆ. ಕಾವಿಗೆ ಇಡುವ ಮೊದಲು ತಳಿ ಹಕ್ಕಿಗಳ ರಕ್ತ ಪರೀಕ್ಷೆ ಮಾಡಿಸುವುದನ್ನು ಪಶುವೈದ್ಯರ ಬಳಿ ಕೇಳಿ. ಪುಲ್ಲೋರಂ ಎಂಬ ಬಿಳಿಭೇದಿ, ಉಸಿರಾಟದ ಕಾಯಿಲೆ ತರುವ ಮೈಕೋಪ್ಲಾಸ್ಮಾ ಎರಡೂ ಮೊಟ್ಟೆಯ ಮೂಲಕವೇ ಮರಿಗೆ ದಾಟುತ್ತವೆ.

ಒಂದು ಹುಂಜದ ಗುಣ ಎಷ್ಟೇ ಮೆಚ್ಚುಗೆಯಾದರೂ ಅದೊಂದನ್ನೇ ಹಿಡಿದು ಕೂರಬಾರದು ಎನ್ನಲು ಸಣ್ಣ ಲೆಕ್ಕವಿದೆ. ಹುಂಜಗಳ ಸಂಖ್ಯೆಯನ್ನು 8ರಿಂದ ಗುಣಿಸಿ 1ನ್ನು ಅದರಿಂದ ಭಾಗಿಸಿ, ಹ್ಯಾಟೆಗಳಿಗೂ ಹಾಗೆಯೇ ಮಾಡಿ, ಎರಡನ್ನೂ ಕೂಡಿ. ಬರುವುದು ಒಂದು ತಲೆಮಾರಿಗೆ ಏರುವ ಒಳಸಂಬಂಧದ, ಅಂದರೆ ಹತ್ತಿರದ ರಕ್ತಸಂಬಂಧದೊಳಗೇ ಕೂಡುವುದರ, ಪ್ರಮಾಣ. 1 ಹುಂಜ, 10 ಹ್ಯಾಟೆ ಇದ್ದರೆ ಶೇ. 13.75. ಹ್ಯಾಟೆಗಳನ್ನು 24ಕ್ಕೆ ಏರಿಸಿದರೂ ಶೇ. 13, ಏನೂ ಗಿಟ್ಟಲಿಲ್ಲ. ಅದೇ 24 ಹ್ಯಾಟೆಗೆ 3 ಹುಂಜ ಇಟ್ಟರೆ ಶೇ. 4.7ಕ್ಕೆ ಇಳಿಯುತ್ತದೆ. ಒಳಸಂಬಂಧ ಏರಿದ ಹಿಂಡಿನಲ್ಲಿ ಬಣ್ಣ ಒಂದೇ ಸಮ ಆಗುತ್ತದೆ, ನೋಡಲು ಚೆಂದ. ಜೊತೆಗೇ ಮೊಟ್ಟೆ ಒಡೆಯದೆ ಒಳಗೇ ಸತ್ತ ಮರಿಗಳು ಹೆಚ್ಚಾಗುತ್ತವೆ. ನೂರಕ್ಕೆ ಎಷ್ಟು ಮರಿಯಾಯಿತು ಎಂದು ಬರೆದಿಡದವರಿಗೆ ಇದು ತಡವಾಗಿ ತಿಳಿಯುತ್ತದೆ.

ಮೂರು ಗೂಡಿನ ಸುತ್ತು ಪದ್ಧತಿ ಸಣ್ಣ ಸಾಕಣೆಗೆ ಸಾಕು. ಗೂಡಿಗೆ 1 ಹುಂಜ, 8 ಹ್ಯಾಟೆ. ಹೆಣ್ಣುಮರಿಗಳು ತಾಯಿ ಹುಟ್ಟಿದ ಗೂಡಿನಲ್ಲೇ ಉಳಿಯುತ್ತವೆ, ಆರಿಸಿದ ಗಂಡುಮರಿ ಮುಂದಿನ ಗೂಡಿಗೆ ಹೋಗುತ್ತದೆ: ಒಂದನೆಯದರದ್ದು ಎರಡಕ್ಕೆ, ಎರಡನೆಯದರದ್ದು ಮೂರಕ್ಕೆ, ಮೂರನೆಯದರದ್ದು ಒಂದಕ್ಕೆ. ತಾಯಿಯಾಗಿ ಎರಡನೆಯ ವರ್ಷದ ಹ್ಯಾಟೆಯನ್ನೇ ಆರಿಸುವುದು ಮೇಲು. ಒಂದು ವರ್ಷದ ಮೊಟ್ಟೆಯ ಲೆಕ್ಕ ಕೈಯಲ್ಲಿರುತ್ತದೆ, ಒಂದು ಮಳೆಗಾಲ ಕಾಯಿಲೆಯಿಲ್ಲದೆ ದಾಟಿರುತ್ತದೆ, ಗರಿ ಉದುರಿ ಹೊಸ ಬಣ್ಣ ಬಂದಿರುತ್ತದೆ.

ಗೂಡಿನಲ್ಲಿ ಹುಂಜ ಬದಲಿಸಿದಾಗ ಹಳೆಯ ಹುಂಜದ ವೀರ್ಯ ಹ್ಯಾಟೆಯ ಒಳಗೆ ಎರಡರಿಂದ ಮೂರು ವಾರ ಉಳಿದಿರುತ್ತದೆ. ಹೊಸ ಹುಂಜ ಬಿಟ್ಟ ಮರುವಾರವೇ ತೆಗೆದಿಟ್ಟ ಮೊಟ್ಟೆಗೆ ಅಪ್ಪ ಯಾರೆಂದು ಯಾವ ತೂತಿನ ಗುರುತೂ ಹೇಳಲಾರದು. ಆ ಮೂರು ವಾರದ ಮೊಟ್ಟೆ ಅಡುಗೆಮನೆಗೆ ಹೋಗಲಿ.